ಟೈರಿಗೆ ಎಷ್ಟು ವಯಸ್ಸು?

ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಹೊಸದಾಗಿ ಒಂದು ಸ್ಪೋರ್ಟ್ಸ್ ಕಾರು ಬಂದು ನಿಂತರೆ, ಸುತ್ತ ಸೇರುವವರ ಪ್ರಶ್ನೆಗಳು ಮುಂಬಯಿಯಲ್ಲೂ ಅವೇ, ಹೈದರಾಬಾದಿನಲ್ಲೂ ಅವೇ. ಬೆಲೆ ಎಷ್ಟಾಯಿತು? ಹಾರ್ಸ್‌ಪವರ್ ಎಷ್ಟು? ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ಸಲುಗೆ ಇದ್ದವರು ಮೈಲೇಜ್ ಎಷ್ಟು ಎಂದು ಕೇಳಿ ನಗಿಸುತ್ತಾರೆ. ಕಾರು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಎಷ್ಟು ಕಿಲೋಮೀಟರ್ ಓಡಿದೆ? ಎಂಟು ವರ್ಷಕ್ಕೆ ಹನ್ನೆರಡು ಸಾವಿರ ಎಂದು ಉತ್ತರ ಬಂದರೆ ಎಲ್ಲರೂ ತಲೆದೂಗುತ್ತಾರೆ, ಮಾಲೀಕರ ಮುಖ ಅರಳುತ್ತದೆ. ಅಷ್ಟು ಕಡಿಮೆ ಓಡಿದ ಕಾರಿನಲ್ಲಿ ಟೈರುಗಳೂ ಆ ಎಂಟು ವರ್ಷ ಹಳೆಯವೇ ಇರಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಈ ದೇಶದಲ್ಲಿ ವೇಗದ ಕಾರುಗಳು ಹೆಚ್ಚುತ್ತಿವೆ. ಅವು ಓಡುವಂಥ ರಸ್ತೆಗಳೂ ಹೆಚ್ಚುತ್ತಿವೆ. ಟೈರಿನ ಬಗೆಗಿನ ತಿಳಿವಳಿಕೆ ಮಾತ್ರ ಪಂಕ್ಚರ್ ಅಂಗಡಿಯ ಮಟ್ಟದಲ್ಲೇ ನಿಂತಿದೆ. ಇದು ಕೆಲವೇ ಸಿರಿವಂತರ ಚಿಂತೆಯಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನಲು ಕಾರಣಗಳಿವೆ. ಆದರೆ ಮೊದಲು ಸಿರಿವಂತರ ಕಾರಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ತಪ್ಪು ಬೇಗ ಮತ್ತು ದೊಡ್ಡದಾಗಿ ಕಾಣುತ್ತದೆ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಒಂದು ಪೋರ್ಷ ಕರೇರಾ ಜಿಟಿ ರಸ್ತೆ ಬಿಟ್ಟು ಕಂಬಕ್ಕೂ ಮರಗಳಿಗೂ ಬಡಿದು ಹೊತ್ತಿ ಉರಿಯಿತು. 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರಗಳ ನಟ ಪಾಲ್ ವಾಕರ್ ಪಕ್ಕದ ಸೀಟಿನಲ್ಲಿದ್ದರು. ಓಡಿಸುತ್ತಿದ್ದವರು ಅವರ ಗೆಳೆಯ, ರೇಸ್ ಟ್ರ್ಯಾಕಿನ ಅನುಭವ ಇದ್ದವರು. ಇಬ್ಬರೂ ಉಳಿಯಲಿಲ್ಲ. ಮುಂದಿನ ವರ್ಷ ಬಂದ ತನಿಖಾ ವರದಿ ವೇಗವನ್ನೇ ಕಾರಣವೆಂದಿತು: ಗಂಟೆಗೆ 45 ಮೈಲಿ ಮಿತಿಯ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ, ಅಂದರೆ ಸುಮಾರು 130ರಿಂದ 150 ಕಿಲೋಮೀಟರ್ ವೇಗದಲ್ಲಿತ್ತು. ಯಾಂತ್ರಿಕ ದೋಷ ಯಾವುದೂ ಕಾಣಲಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ಕಾರಿನ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು, ಕಾರಿನ ಹಿಡಿತ ಮತ್ತು ನಿಯಂತ್ರಣ ಅದರಿಂದ ಕುಂದಿರಬಹುದು ಎಂದು.

ಕರೇರಾ ಜಿಟಿ ಎಂಬುದು 5.7 ಲೀಟರಿನ ಹತ್ತು ಸಿಲಿಂಡರ್ ಎಂಜಿನ್, 600ಕ್ಕೂ ಹೆಚ್ಚು ಹಾರ್ಸ್‌ಪವರ್ ಇದ್ದ ಕಾರು. ಅಡ್ಡಾದಿಡ್ಡಿಯಾದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡುವ ಸ್ಟೆಬಿಲಿಟಿ ಕಂಟ್ರೋಲ್ ಅದರಲ್ಲಿರಲಿಲ್ಲ. ಚಾಲಕನಿಗೂ ರಸ್ತೆಗೂ ನಡುವೆ ಇದ್ದದ್ದು ಅವನ ಕೈ, ಕಾಲು, ಮತ್ತು ನಾಲ್ಕು ಟೈರು. ಅದನ್ನು ಓಡಿಸಿದ ಅನುಭವಿಗಳು ವರ್ಷಗಳ ಕಾಲ ಒಂದೇ ಮಾತು ಹೇಳುತ್ತ ಬಂದರು: ಹಿಡಿತ ಇರುವವರೆಗೆ ಅದ್ಭುತ, ಹೋಗುವಾಗ ಹೇಳದೆ ಹೋಗುತ್ತದೆ.

ಇದೇ ಕಾರಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ 2004ರಲ್ಲಿ ವಾಲ್ಟರ್ ರೋರ್ಲ್ ಕರೇರಾ ಜಿಟಿಯನ್ನು ಓಡಿಸಿದ್ದರು. ಅವರು ಎರಡು ಬಾರಿ ವಿಶ್ವ ರ‍್ಯಾಲಿ ಚಾಂಪಿಯನ್. ಇಪ್ಪತ್ತು ವರ್ಷಗಳ ನಂತರ, ಆ ಕಾರಿಗೆಂದೇ ಮಿಷೆಲಿನ್ ಹೊಸದಾಗಿ ಮಾಡಿದ ಟೈರುಗಳನ್ನು ಹಾಕಿ ಯೋರ್ಗ್ ಬರ್ಗ್‌ಮೈಸ್ಟರ್ ಅದೇ ಟ್ರ್ಯಾಕನ್ನು 7 ನಿಮಿಷ 12 ಸೆಕೆಂಡುಗಳಲ್ಲಿ ಸುತ್ತಿದರು. ಹಿಂದಿನದಕ್ಕಿಂತ ಹದಿನೈದು ಸೆಕೆಂಡಿಗೂ ಹೆಚ್ಚು ಬೇಗ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಓಡಿಸುವವರು ಬದಲಾಗಿದ್ದರು ನಿಜ, ಆದರೆ ರೋರ್ಲ್ ಅವರಿಗೆ ಓಡಿಸಲು ಬರುತ್ತಿರಲಿಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ. ಬದಲಾದದ್ದು ಮುಖ್ಯವಾಗಿ ರಬ್ಬರು.

ಒಂದೇ ಕಾರು, ಹಳೆ ರಬ್ಬರಿನಲ್ಲಿ ಒಂದು, ಹೊಸ ರಬ್ಬರಿನಲ್ಲಿ ಇನ್ನೊಂದು. ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ.

ಕಾರು ಎಷ್ಟೇ ದೊಡ್ಡದಿರಲಿ, ಪ್ರತಿ ಟೈರು ರಸ್ತೆಯನ್ನು ಮುಟ್ಟುವುದು ಸುಮಾರು ಅಂಗೈಯಗಲದಷ್ಟೇ ಜಾಗದಲ್ಲಿ. ಓಟ, ತಿರುವು, ಬ್ರೇಕು ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ನಡೆಯಬೇಕು. ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ರೀತಿಯಲ್ಲಿ: ಡಾಂಬರಿನ ಸಣ್ಣ ಸಣ್ಣ ಉಬ್ಬುಗಳ ನಡುವೆ ಮೆತ್ತಗೆ ಇಳಿದು ಕಚ್ಚಿಕೊಳ್ಳುವುದು ಒಂದು, ಮೇಲ್ಮೈಗೆ ಅಂಟಿಕೊಳ್ಳುವುದು ಇನ್ನೊಂದು. ಎರಡಕ್ಕೂ ರಬ್ಬರು ಮೆತ್ತಗಿರಬೇಕು. ಸ್ಪೋರ್ಟ್ಸ್ ಕಾರಿನ ಟೈರುಗಳಲ್ಲಿ ಬೇಕೆಂದೇ ಮೆತ್ತನೆಯ ಮಿಶ್ರಣ ಬಳಸುತ್ತಾರೆ. ಅದಕ್ಕೇ ಅವು ಬೇಗ ಸವೆಯುತ್ತವೆ, ದುಬಾರಿಯೂ ಆಗುತ್ತವೆ. ಸಾಮಾನ್ಯ ಕಾರಿನಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಓಡಿಸಿ ಅಭ್ಯಾಸವಿದ್ದವರಿಗೆ, ಹಿಂದಿನ ಎರಡು ಟೈರು ಹದಿನೈದು ಸಾವಿರಕ್ಕೇ ಮುಗಿದಾಗ ಮೋಸ ಹೋದಂತೆ ಅನ್ನಿಸುತ್ತದೆ. ಮೋಸವಲ್ಲ, ಅದು ಹಿಡಿತಕ್ಕೆ ಕೊಟ್ಟ ಬೆಲೆ.

ಆ ಬೆಲೆಗೆ ಸಿಗುವುದೇನು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರಿನ ಘರ್ಷಣಾಂಕ 1 ಇದ್ದರೆ, ಪೂರ್ತಿ ಬ್ರೇಕ್ ಒತ್ತಿದ ಮೇಲೆ ಅದು ಸುಮಾರು 39 ಮೀಟರಿಗೆ ನಿಲ್ಲುತ್ತದೆ. ಅದೇ ಕಾರಿನ ಘರ್ಷಣಾಂಕ 0.7ಕ್ಕೆ ಇಳಿದರೆ 56 ಮೀಟರ್ ಬೇಕು. ಹದಿನೇಳು ಮೀಟರಿನ ಅಂತರ ಎಂದರೆ ಅಷ್ಟು ಭಯ ಅನ್ನಿಸದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 55 ಕಿಲೋಮೀಟರ್ ಇರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುವ ಒಬ್ಬ ಮನುಷ್ಯನಿದ್ದರೆ ಒಂದು ಟೈರು ಅವನನ್ನು ಉಳಿಸುತ್ತದೆ, ಇನ್ನೊಂದು ಉಳಿಸುವುದಿಲ್ಲ.

ಇಲ್ಲಿಯೇ 'ಸಿರಿವಂತರ ಚಿಂತೆ' ಎಂಬ ವಾದ ಬಿದ್ದುಹೋಗುತ್ತದೆ. ಕಾರಿನೊಳಗಿರುವವರಿಗೆ ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ, ಗಟ್ಟಿಯಾದ ಚೌಕಟ್ಟಿದೆ. ಆ ಹದಿನೇಳು ಮೀಟರಿನಲ್ಲಿ ನಿಂತಿರುವುದು ಬಹುಪಾಲು ಸ್ಕೂಟರಿನವರು, ಹಾಲಿನವರು, ಬೆಳಗಿನ ವಾಕಿಂಗಿಗೆ ಹೊರಟವರು. ಕಾರು ಯಾರದ್ದೇ ಆಗಿರಲಿ, ರಸ್ತೆ ಎಲ್ಲರದ್ದು.

ಭಾರತದಲ್ಲಿ ಇಂಥ ಕಾರು ಓಡಿಸುವವರ ಅನುಭವಗಳನ್ನು ಒಟ್ಟಿಗಿಟ್ಟು ನೋಡಿದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಭಾನುವಾರ ಬೆಳಗಿನ ಡ್ರೈವ್. ದೆಹಲಿ, ಮುಂಬಯಿ, ಬೆಂಗಳೂರು ಎಲ್ಲ ಕಡೆ ವೇಗದ ಕಾರುಗಳು ಹೊರಬರುವುದು ಐದು ಆರು ಗಂಟೆಗೆ, ರಸ್ತೆ ಖಾಲಿ ಇರುವಾಗ. ಬೇಸಿಗೆ ಟೈರು ಎಂದು ಕರೆಯುವ ಈ ಮೆತ್ತನೆಯ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತದೆ. ದೆಹಲಿಯ ಜನವರಿ ಬೆಳಗಿನಲ್ಲಿ ಅದಕ್ಕಿಂತ ಕಡಿಮೆ ಉಷ್ಣಾಂಶ ಅಪರೂಪವೇನಲ್ಲ. ಬೆಂಗಳೂರು ಅಷ್ಟು ತಣ್ಣಗಾಗುವುದಿಲ್ಲ, ಆದರೂ ಟೈರು ತನ್ನ ಕೆಲಸದ ಬಿಸಿಗೆ ಬರಲು ಕೆಲವು ಕಿಲೋಮೀಟರ್ ಓಡಲೇಬೇಕು. ಟ್ರ್ಯಾಕಿಗೆಂದು ಮಾಡಿದ ಅರೆ ನುಣುಪು ಟೈರುಗಳಿಗೆ ಇನ್ನೂ ಹೆಚ್ಚು ಬೇಕು. ಹೀಗೆ, ರಸ್ತೆ ಖಾಲಿ ಎಂದು ಆರಿಸಿಕೊಂಡ ಗಳಿಗೆಯೇ ಟೈರಿನ ಅತ್ಯಂತ ದುರ್ಬಲ ಗಳಿಗೆಯೂ ಆಗಿರುತ್ತದೆ. ಗೇಟು ದಾಟಿದ ಮೊದಲ ಖಾಲಿ ರಸ್ತೆಯಲ್ಲೇ ಆಕ್ಸಿಲರೇಟರ್ ಒತ್ತಿ ಕಾರು ಗಿರಕಿ ಹೊಡೆದದ್ದಕ್ಕೆ ಚಾಲಕರು ಮರಳನ್ನೋ ನಾಯಿಯನ್ನೋ ದೂರುವುದುಂಟು.

ಎರಡನೆಯದು ಮಳೆ. ಟೈರಿನ ಗೀರುಗಳಿರುವುದು ಅಂದಕ್ಕಲ್ಲ, ನೀರನ್ನು ಆಚೆ ತಳ್ಳಲು. ಗಂಟೆಗೆ 100 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ 28 ಮೀಟರ್. ಅಷ್ಟರಲ್ಲಿ ಎದುರಿನ ನೀರನ್ನು ಪಕ್ಕಕ್ಕೆ ಸರಿಸಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಅಗಲವಾದ ಟೈರು ಒಣ ರಸ್ತೆಯಲ್ಲಿ ಗಟ್ಟಿಗ, ನಿಂತ ನೀರಿನಲ್ಲಿ ಕಿರಿದಾದ ಟೈರಿಗಿಂತ ಬೇಗ ತೇಲುತ್ತದೆ. ಜುಲೈ ತಿಂಗಳಲ್ಲಿ ಲೋಣಾವಳದ ಕಡೆ ಹೊರಟ ಎಷ್ಟೋ ಮಂದಿಗೆ, ತಮ್ಮ ದುಬಾರಿ ಕಾರಿಗಿಂತ ಪಕ್ಕದ ಹಳೆ ಹ್ಯಾಚ್‌ಬ್ಯಾಕ್ ಸಲೀಸಾಗಿ ಹೋಗುತ್ತಿರುವುದು ಏಕೆಂದು ಅರ್ಥವಾಗದು. ಟೈರಿನ ಸವೆತದ ಗುರುತು 1.6 ಮಿಲಿಮೀಟರಿನಲ್ಲಿರುತ್ತದೆ. ಹೊಸದರಲ್ಲಿ ಏಳೆಂಟು ಮಿಲಿಮೀಟರ್ ಇದ್ದದ್ದು ಮೂರಕ್ಕೆ ಬಂದಾಗಲೇ ಮಳೆಯ ಹಿಡಿತ ಬಹಳ ಕುಂದಿರುತ್ತದೆ. ಕಾನೂನು ಒಪ್ಪಿತು ಎಂಬುದೂ ಮುಂಗಾರು ಒಪ್ಪಿತು ಎಂಬುದೂ ಒಂದೇ ಅಲ್ಲ.

ಮೂರನೆಯದು ಗುಂಡಿ. ಟೈರಿನ ಮೇಲೆ 245/35 ಎಂದಿದ್ದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 35, ಅಂದರೆ 86 ಮಿಲಿಮೀಟರ್. ನಾಲ್ಕು ಬೆರಳು ಅಗಲದಷ್ಟು ರಬ್ಬರು, ಆಮೇಲೆ ನೇರ ಅಲಾಯ್ ಚಕ್ರ. ಗುಂಡಿಯ ಅಂಚಿಗೆ ಬಡಿದಾಗ ಗೋಡೆಯೊಳಗಿನ ನೂಲುಗಳು ತುಂಡಾಗಿ ಕೆಲವು ದಿನಗಳಲ್ಲಿ ಸಣ್ಣ ಗುಳ್ಳೆಯೊಂದು ಏಳುತ್ತದೆ. ಗಾಳಿ ಇಳಿಯುವುದಿಲ್ಲ, ಕಾರು ಎಂದಿನಂತೆ ಓಡುತ್ತದೆ. ಹೊಸ ಟೈರಿನ ಬೆಲೆ ನೆನೆದು 'ಇನ್ನೊಂದು ತಿಂಗಳು ನೋಡೋಣ' ಎನ್ನುವುದು ಇಲ್ಲಿಯೇ. ಆ ಗುಳ್ಳೆಗೆ ರಿಪೇರಿ ಎಂಬುದಿಲ್ಲ. ಅದು ಒಡೆಯುವುದು ಪಾರ್ಕಿಂಗಿನಲ್ಲಲ್ಲ, ಎಕ್ಸ್‌ಪ್ರೆಸ್‌ವೇಯಲ್ಲಿ.

ನಾಲ್ಕನೆಯದು ಗಾಳಿಯ ಕುರಿತ ನಂಬಿಕೆ. ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಒಂದೆರಡು ಪಾಯಿಂಟ್ ಕಡಿಮೆ ಇರಲಿ ಎನ್ನುವ ಸಲಹೆ ದೇಶದ ಎಲ್ಲ ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತದೆ. ಸಂಗತಿ ಬಹುಪಾಲು ತಿರುಗಾಮುರುಗಾ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯಿಂದಲೇ ಒಳಗೆ ಬಿಸಿ ಏರುತ್ತದೆ, ಪದರಗಳು ಬಿಡುತ್ತವೆ. ಕಾರಿನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುವ ಅಂಕಿ ತಣ್ಣಗಿರುವ ಟೈರಿಗೆ ಹೇಳಿದ್ದು. ಓಡಿದ ಮೇಲೆ ಒತ್ತಡ ಏರುವುದನ್ನು ಲೆಕ್ಕ ಹಾಕಿಯೇ ಅದನ್ನು ಬರೆದಿರುತ್ತಾರೆ. ನೈಟ್ರೋಜನ್ ತುಂಬಿಸಿದರೆ ಎಲ್ಲ ಸರಿ ಎಂಬುದೂ ಅರ್ಧ ಸತ್ಯ. ಸಾಮಾನ್ಯ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಒತ್ತಡ ನೋಡುವವರಿಗೆ ಮಾಮೂಲಿ ಗಾಳಿ ಸಾಕು, ನೋಡದವರನ್ನು ನೈಟ್ರೋಜನ್ ಕೂಡ ಕಾಪಾಡದು.

ಈ ನಾಲ್ಕರಲ್ಲೂ ಚಾಲಕನಿಗೆ ಏನಾದರೂ ಸುಳಿವು ಸಿಗುತ್ತದೆ. ಐದನೆಯದರಲ್ಲಿ ಸುಳಿವೇ ಇಲ್ಲ, ಅದು ವಯಸ್ಸು. ಗಾಳಿಯ ಆಮ್ಲಜನಕ, ಓಝೋನ್, ಬಿಸಿ ಮೂರೂ ಸೇರಿ ರಬ್ಬರನ್ನು ನಿಧಾನಕ್ಕೆ ಗಟ್ಟಿಯಾಗಿಸುತ್ತವೆ. ಇದನ್ನು ತಡೆಯಲೆಂದು ರಬ್ಬರಿನಲ್ಲಿ ಸೇರಿಸಿದ ಮೇಣ ಮತ್ತು ರಾಸಾಯನಿಕಗಳು ಟೈರು ಓಡುವಾಗ, ಮಡಚಿ ಬಿಚ್ಚುವಾಗ ಮೇಲ್ಮೈಗೆ ಬರುತ್ತವೆ. ನಿಂತೇ ಇರುವ ಕಾರಿನಲ್ಲಿ ಅವು ಸರಿಯಾಗಿ ಬರುವುದಿಲ್ಲ. ಹೀಗಾಗಿ ಜೋಪಾನವಾಗಿ ಹೊದಿಕೆ ಹಾಕಿ ನಿಲ್ಲಿಸಿದ ಕಾರಿನ ಟೈರು, ದಿನಾ ಓಡುವ ಟ್ಯಾಕ್ಸಿಯ ಟೈರಿಗಿಂತ ಕೆಟ್ಟ ಸ್ಥಿತಿಯಲ್ಲಿರಬಹುದು. ಗೀರುಗಳು ಹೊಸದರಂತೆ ಆಳವಾಗಿರುತ್ತವೆ, ಕಪ್ಪು ಪಾಲಿಶ್ ಮಿರುಗುತ್ತಿರುತ್ತದೆ. ಅನೇಕ ಕಾರು ತಯಾರಕರು ಆರು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ಟೈರು ತಯಾರಕರು ಐದು ವರ್ಷದ ನಂತರ ಪ್ರತಿವರ್ಷ ತಪಾಸಣೆ ಮಾಡಿಸಿ, ಏನೇ ಆದರೂ ಹತ್ತು ವರ್ಷಕ್ಕೆ ತೆಗೆದುಬಿಡಿ ಎನ್ನುತ್ತಾರೆ.

ಹಾಗಾದರೆ ತಪ್ಪೆಲ್ಲ ಚಾಲಕರದ್ದೇ? ಅಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು 'ಮುಕ್ತ' ಪಟ್ಟಿಯಿಂದ 'ನಿರ್ಬಂಧಿತ' ಪಟ್ಟಿಗೆ ಸೇರಿಸಿತು. ಆಮದಿಗೆ ಪರವಾನಗಿ ಬೇಕಾಯಿತು. ಉದ್ದೇಶ ದೇಶೀಯ ತಯಾರಿಕೆಗೆ ಒತ್ತು ಕೊಡುವುದು. ಆ ಉದ್ದೇಶದಲ್ಲಿ ತಪ್ಪು ಹುಡುಕಬೇಕಿಲ್ಲ: ಟೈರು ಮಾಡುವುದು ಈ ದೇಶಕ್ಕೆ ಬಾರದ ವಿದ್ಯೆಯೇನಲ್ಲ, ಚೆನ್ನೈಯ ಎಂಆರ್‌ಎಫ್ ಇದೆ, ಮೈಸೂರಿನಲ್ಲಿ ವಿಕ್ರಾಂತ್ ಹೆಸರಿನಲ್ಲಿ ಶುರುವಾಗಿ ಆಮೇಲೆ ಜೆಕೆ ಟೈರ್ ಪಾಲಾದ ಕಾರ್ಖಾನೆ ಇದೆ. ಮಾಮೂಲಿ ಅಳತೆಗಳ ಮಟ್ಟಿಗೆ ತೊಂದರೆ ಇಲ್ಲ. ಆದರೆ ಇಪ್ಪತ್ತು, ಇಪ್ಪತ್ತೊಂದು ಇಂಚಿನ ವಿರಳ ಅಳತೆಗಳನ್ನು, ಒಂದೊಂದು ಕಾರಿಗೆಂದೇ ರೂಪಿಸಿದ ಮಿಶ್ರಣಗಳನ್ನು, ವರ್ಷಕ್ಕೆ ಕೆಲವೇ ಜೊತೆ ಮಾರಾಟವಾಗುವ ಮಾರುಕಟ್ಟೆಗಾಗಿ ಇಲ್ಲಿ ಯಾರೂ ಮಾಡುವುದಿಲ್ಲ. ಅಂಥ ಟೈರು ಬೇಕಾದವರ ಮುಂದೆ ಮೂರು ದಾರಿ ಉಳಿಯುತ್ತದೆ: ತಿಂಗಳುಗಟ್ಟಲೆ ಕಾಯುವುದು, ಅಳತೆಯೋ ವೇಗದ ಶ್ರೇಣಿಯೋ ಹೊಂದದ ಬೇರೆ ಟೈರು ಹಾಕಿಸುವುದು, ಅಥವಾ ಹಳೆಯದರಲ್ಲೇ ಓಡಿಸುವುದು. ಮೂರರಲ್ಲಿ ಎರಡು ಅಪಾಯದ ದಾರಿಗಳು. ಕಾರಿನ ಆಮದಿಗೆ ಅವಕಾಶವಿದ್ದು, ಅದನ್ನು ನಿಲ್ಲಿಸುವ ಟೈರಿನ ಆಮದಿಗೆ ಅಡ್ಡಿ ಇರುವುದು ವಿಚಿತ್ರ. ಇಲ್ಲಿ ತಯಾರಾಗದ ಅಳತೆಗಳ ಪಟ್ಟಿ ಮಾಡಿ, ಅವಕ್ಕೆ ಮಾತ್ರ ಪರವಾನಗಿ ತಕ್ಷಣ ಸಿಗುವಂತೆ ಮಾಡಿದರೆ ಯಾವ ದೇಶೀಯ ಕಾರ್ಖಾನೆಗೂ ನಷ್ಟವಿಲ್ಲ.

ಇನ್ನೊಂದು ಕೊರತೆ ತಪಾಸಣೆಯದು. ಪೊಲೀಸರು ಕಾರು ನಿಲ್ಲಿಸಿದರೆ ಲೈಸೆನ್ಸ್, ವಿಮೆ, ಹೊಗೆ ತಪಾಸಣೆಯ ಚೀಟಿ ಕೇಳುತ್ತಾರೆ. ಬಗ್ಗಿ ಟೈರು ನೋಡುವುದು ತೀರ ಕಡಿಮೆ. ಖಾಸಗಿ ಕಾರು ಮೊದಲ ಬಾರಿ ಸರ್ಕಾರದ ಕಣ್ಣಿಗೆ ಪೂರ್ತಿಯಾಗಿ ಬೀಳುವುದು ಹದಿನೈದು ವರ್ಷದ ನಂತರ, ನೋಂದಣಿ ನವೀಕರಿಸುವಾಗ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ತಪಾಸಣೆ ಕಡ್ಡಾಯ, ಟೈರು ಅದರ ಭಾಗ. ಅಲ್ಲೂ ವಯಸ್ಸಿನ ಲೆಕ್ಕ ಬಂದದ್ದು ಒಂದು ದುರಂತದ ನಂತರವೇ. 2012ರಲ್ಲಿ ಸಂಗೀತ ಉತ್ಸವ ಮುಗಿಸಿ ಮರಳುತ್ತಿದ್ದವರ ಬಸ್ಸಿನ ಮುಂದಿನ ಟೈರು ಒಡೆದು ಮೂವರು ಸತ್ತರು. ಗೀರುಗಳ ಆಳ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು, ಆದರೆ ಟೈರಿಗೆ ಹತ್ತೊಂಬತ್ತು ವರ್ಷ ದಾಟಿತ್ತು. ಸತ್ತವರಲ್ಲಿ ಒಬ್ಬ ಹುಡುಗನಿಗೆ ಹದಿನೆಂಟು. ಮಗನಿಗಿಂತ ಹಳೆಯದಾದ ಟೈರು ಎಂದು ಹೇಳುತ್ತ ಅವನ ತಾಯಿ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರವರಿಯಿಂದ ಬಸ್ಸು, ಲಾರಿಗಳ ಮುಂದಿನ ಚಕ್ರಗಳಿಗೆ ಹತ್ತು ವರ್ಷ ಮೀರಿದ ಟೈರು ಅಲ್ಲಿ ನಿಷಿದ್ಧ.

ಭಾರತದಲ್ಲೂ ಇದು ಅಸಾಧ್ಯವೇನಲ್ಲ. ನಾಗಪುರ ಮುಂಬಯಿ ಸಮೃದ್ಧಿ ಮಹಾಮಾರ್ಗದಲ್ಲಿ 120 ಕಿಲೋಮೀಟರ್ ವೇಗದ ಮಿತಿ ಇಟ್ಟ ಮೇಲೆ ಅಪಘಾತಗಳು ಹೆಚ್ಚಿ, ಪ್ರವೇಶದ್ವಾರದಲ್ಲೇ ಟೈರು ನೋಡಿ ಸವೆದವನ್ನು ವಾಪಸು ಕಳಿಸುವ ಕೆಲಸವನ್ನು ಸಾರಿಗೆ ಇಲಾಖೆ ಶುರು ಮಾಡಿತು. ಒಂದು ಹೆದ್ದಾರಿಯಲ್ಲಿ ಆಗುವುದು ಉಳಿದ ಕಡೆಯೂ ಆಗಬಹುದು. ಹೊಗೆ ತಪಾಸಣೆಗೆ ಕಾರು ಹೇಗೂ ಪ್ರತಿವರ್ಷ ಹೋಗಿ ನಿಲ್ಲುತ್ತದೆ. ಅಲ್ಲಿಯೇ ನಾಲ್ಕು ಟೈರುಗಳ ವರ್ಷ ಮತ್ತು ಗೀರಿನ ಆಳವನ್ನು ಅದೇ ಚೀಟಿಯಲ್ಲಿ ಬರೆದರೆ ಖರ್ಚು ಐದು ನಿಮಿಷ. ದಂಡ ಹಾಕಬೇಕೆಂದೂ ಇಲ್ಲ. ಚೀಟಿಯಲ್ಲಿ 'ಒಂಬತ್ತು ವರ್ಷ' ಎಂದು ಬರೆದದ್ದನ್ನು ಕಂಡರೆ ಬಹಳ ಮಂದಿ ತಾವಾಗಿಯೇ ಅಂಗಡಿಗೆ ಹೋಗುತ್ತಾರೆ. ಭ್ರಷ್ಟಾಚಾರಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ದಂಡವಿಲ್ಲದೆ, ಬರೀ ತಿಳಿಸುವ ಕೆಲಸವಾಗಿ ಇದನ್ನು ಆರಂಭಿಸಬೇಕು.

ಕೊನೆಗೆ ಈ ಮಾತು ಸ್ಪೋರ್ಟ್ಸ್ ಕಾರಿನಿಂದ ಇಳಿದು ಮನೆಗೆ ಬರಬೇಕು. ಪುಣೆಯಲ್ಲೋ ದೆಹಲಿಯಲ್ಲೋ ನೆಲೆಸಿದ ಎಷ್ಟೋ ಕನ್ನಡಿಗರ ಮನೆಯ ಎರಡನೇ ಕಾರು ಊರಿನಲ್ಲಿರುತ್ತದೆ. ಧಾರವಾಡದಲ್ಲೋ ಕುಂದಾಪುರದಲ್ಲೋ ಅಪ್ಪನ ಹೆಸರಿನಲ್ಲಿ, ಶೆಡ್ಡಿನಲ್ಲಿ, ಹಳೆ ಬೆಡ್‌ಶೀಟ್ ಹೊದ್ದುಕೊಂಡು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಾರೆ, ಬ್ಯಾಟರಿ ಕೆಡದಿರಲೆಂದು. ದೀಪಾವಳಿಗೋ ಮದುವೆಗೋ ಮಕ್ಕಳು ಬಂದಾಗ ಎಲ್ಲರೂ ಅದರಲ್ಲೇ ಕೂತು ಘಟ್ಟ ಇಳಿಯುತ್ತಾರೆ. ಹತ್ತು ವರ್ಷಕ್ಕೆ ಹದಿನೆಂಟು ಸಾವಿರ ಕಿಲೋಮೀಟರ್ ಓಡಿದ ಕಾರು, ಟೈರು ಹೊಸದರ ಹಾಗೇ ಇದೆ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಾರೆ. ಸಾಂಟಾ ಕ್ಲಾರಿಟಾದ ಆ ಕಾರಿಗೂ ಈ ಕಾರಿಗೂ ಬೇರೆ ಯಾವುದರಲ್ಲೂ ಹೋಲಿಕೆ ಇಲ್ಲ, ಟೈರಿನ ವಯಸ್ಸಿನಲ್ಲಿ ಇದೆ.

ಅದನ್ನು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ, ಟಾರ್ಚ್ ಸಾಕು. ಟೈರಿನ ಪಕ್ಕದ ಗೋಡೆಯಲ್ಲಿ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಗೆ, ಅಂಡಾಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1419 ಎಂದಿದ್ದರೆ 2019ನೇ ಇಸವಿಯ ಹದಿನಾಲ್ಕನೇ ವಾರ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಹೊಸ ಟೈರು ಕೊಳ್ಳುವಾಗಲೂ ಹಣ ಕೊಡುವ ಮೊದಲು ಈ ನಾಲ್ಕು ಅಂಕಿ ಓದಬೇಕು, ಅಂಗಡಿಯ ಗೋದಾಮಿನಲ್ಲಿ ಮೂರು ವರ್ಷ ಕಳೆದ 'ಹೊಸ' ಟೈರುಗಳೂ ಇರುತ್ತವೆ. ಸ್ಟೆಪ್ನಿಯನ್ನೂ ಮರೆಯಬಾರದು, ಅದು ಹೆಚ್ಚಾಗಿ ಕಾರಿನಷ್ಟೇ ಹಳೆಯದು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಬಿಪಿ, ಶುಗರ್, ಮಳೆ ಎಲ್ಲ ವಿಚಾರಿಸಿದ ಮೇಲೆ, ಶೆಡ್ಡಿಗೆ ಹೋಗಿ ಆ ನಾಲ್ಕು ಅಂಕಿ ಓದಿ ಹೇಳಿ ಎಂದು ಕೇಳಬಹುದು. ಅಪ್ಪ ನಕ್ಕರೂ ನಗಲಿ.